ಆಗಾಗ ಹೊತ್ತಿ ಆರುವ ಕೆಂಪು ದೀಪ

ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೊರಟ ಕಾರು ಹಾಸನೂರನ್ನು ದಾಟಿದ ಬಳಿಕ ದಿಂಬಂನಿಂದ ಬಣ್ಣಾರಿಯವರೆಗೆ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು. ಹುಲಿ ಸಂರಕ್ಷಿತ ಅರಣ್ಯದ ನಡುವಣ ಆ ದಾರಿಯಲ್ಲಿ ಮುಂದೆ ಕಬ್ಬು ತುಂಬಿದ ಲಾರಿ, ಹಿಂದೆ ಬಸ್ಸು, ಒಂದು ಬದಿಗೆ ಬೆಟ್ಟ, ಇನ್ನೊಂದು ಬದಿಗೆ ಕಣಿವೆ. ಇಂತಹ ಇಳಿಜಾರಿನಲ್ಲಿ ಸಾಗುತ್ತಿರುವ ಕಾರೊಂದರ ಡ್ಯಾಶ್‌ಬೋರ್ಡಿನಲ್ಲಿ ನಾಲ್ಕನೆಯ ತಿರುವಿಗೆ ಕೆಂಪು ದೀಪವೊಂದು ಹೊತ್ತಿ, ತಿರುವು ಮುಗಿಯುತ್ತಲೇ ಆರಿತೆಂದು ಭಾವಿಸಬಹುದು. ಐದನೆಯ ತಿರುವಿನಲ್ಲಿ ಅದು ಹೊತ್ತುವುದಿಲ್ಲ, ಆರನೆಯದರಲ್ಲಿ ಹೊತ್ತುತ್ತದೆ. ಏಳರಲ್ಲಿ ಇಲ್ಲ, ಎಂಟರಲ್ಲಿ ಉಂಟು. ಬಣ್ಣಾರಿಯ ಸಮತಟ್ಟು ರಸ್ತೆಗೆ ಬಂದ ಮೇಲೆ ದೀಪದ ಸುಳಿವೇ ಇಲ್ಲ. ಬ್ರೇಕು ಎಂದಿನಂತೆಯೇ ಹಿಡಿಯುತ್ತದೆ. ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಪೆಡಲನ್ನು ನಾಲ್ಕು ಬಾರಿ ತುಳಿದು ನೋಡಿ ಏನೂ ತೊಂದರೆಯಿಲ್ಲವೆಂದು ಕಳುಹಿಸುತ್ತಾನೆ.

ಸದಾ ಹೊತ್ತಿಯೇ ಇರುವ ದೀಪದ ಕಾರಣವನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ದೋಷವು ಪರೀಕ್ಷಕನ ಕಣ್ಣೆದುರಿಗೇ ಇರುತ್ತದೆ. ಆಗಾಗ ಹೊತ್ತಿ ಆರುವ ದೀಪವಾದರೋ ಪರೀಕ್ಷೆಯ ವೇಳೆಗೆ ಮರೆಯಾಗಿರುತ್ತದೆ. ಆದ್ದರಿಂದಲೇ ಇದನ್ನು ಎದುರಿಸುವ ರೀತಿಗಳೂ ವಿಚಿತ್ರವಾಗಿವೆ. ಕೆಲವರು ದೀಪವೇ ಕೆಟ್ಟಿದೆಯೆಂದು ಸುಮ್ಮನಾಗುತ್ತಾರೆ. ಹೆಚ್ಚಿನವರು ಬಾನೆಟ್ ತೆರೆದು, ಬ್ರೇಕ್ ಆಯಿಲ್ ತುಸು ಕಡಿಮೆಯಾಗಿರುವುದನ್ನು ಕಂಡು, ಅರ್ಧ ಬಾಟಲಿ ತಂದು ತುಂಬಿಸಿಬಿಡುತ್ತಾರೆ. ದೀಪ ಆರುತ್ತದೆ; ಸಮಸ್ಯೆ ಪರಿಹಾರವಾಯಿತೆಂದು ಎಲ್ಲರೂ ನಂಬುತ್ತಾರೆ. ಈ ಎರಡನೆಯ ರೀತಿಯೇ ಹೆಚ್ಚು ಅಪಾಯಕಾರಿ. ಏಕೆಂದರೆ ಅದು ಪರಿಹಾರದಂತೆ ಕಾಣುತ್ತದೆ. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಆ ದೀಪವು ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯುವುದೇ ಇಲ್ಲ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ, ವೃತ್ತದ ಎರಡು ಪಕ್ಕಗಳಲ್ಲಿ ಬಾಗಿದ ಎರಡು ಗೆರೆಗಳು. ಇದು ಬ್ರೇಕ್ ಎಚ್ಚರಿಕೆಯ ಸಾಮಾನ್ಯ ಸಂಕೇತ. ಪಕ್ಕದ ಗೆರೆಗಳು ಡ್ರಮ್ಮಿನೊಳಗಿನ ಬ್ರೇಕ್ ಶೂಗಳನ್ನು ನೆನಪಿಸುತ್ತವೆ. ಕೆಲವು ಕಾರುಗಳಲ್ಲಿ ಹ್ಯಾಂಡ್ ಬ್ರೇಕಿಗೆಂದು ರೋಮನ್ ಲಿಪಿಯ 'ಪಿ' ಅಕ್ಷರವಿರುವ ಪ್ರತ್ಯೇಕ ದೀಪವಿರುತ್ತದೆ. ಹಲವು ಕಾರುಗಳಲ್ಲಿ ಎರಡಕ್ಕೂ ಒಂದೇ ದೀಪ. ಕೀಲಿ ತಿರುಗಿಸಿದೊಡನೆ ದೀಪವು ಕೆಲವು ಕ್ಷಣ ಹೊತ್ತಿ ಆರುವುದು ಅದು ಸರಿಯಾಗಿದೆ ಎಂಬುದರ ಗುರುತು. ಕೀಲಿ ತಿರುಗಿಸಿದಾಗಲೂ ಹೊತ್ತದ ದೀಪ, ಆಗಾಗ ಹೊತ್ತುವ ದೀಪಕ್ಕಿಂತ ಹೆಚ್ಚು ಆತಂಕಕ್ಕೆ ಕಾರಣವಾಗಬೇಕು. ಅಂತಹ ಕಾರಿಗೆ ಎಚ್ಚರಿಸುವ ಬಾಯಿಯೇ ಇಲ್ಲ.

ಹಳೆಯ ಹಾಗೂ ಸರಳ ವ್ಯವಸ್ಥೆಯಲ್ಲಿ ಈ ದೀಪಕ್ಕೆ ಫ್ಯೂಸಿನ ಮೂಲಕ ವಿದ್ಯುತ್ತು ಬರುತ್ತದೆ. ಅದರ ಇನ್ನೊಂದು ತುದಿಯ ತಂತಿ ಎರಡು ಸ್ವಿಚ್ಚುಗಳಿಗೆ ಕವಲೊಡೆಯುತ್ತದೆ: ಒಂದು ಹ್ಯಾಂಡ್ ಬ್ರೇಕಿನ ಬುಡದಲ್ಲಿ, ಇನ್ನೊಂದು ಬ್ರೇಕ್ ದ್ರವದ ಡಬ್ಬಿಯಲ್ಲಿ. ಯಾವ ಸ್ವಿಚ್ಚು ಕೂಡಿಕೊಂಡರೂ ತಂತಿಗೆ ಕಾರಿನ ಲೋಹದ ಮೈ, ಅಂದರೆ ಅರ್ತ್, ದೊರೆತು ದೀಪ ಹೊತ್ತುತ್ತದೆ. ಮುಂಬಾಗಿಲಿಗೂ ಹಿತ್ತಲ ಬಾಗಿಲಿಗೂ ಒಂದೇ ಕರೆಗಂಟೆಯನ್ನು ಜೋಡಿಸಿದ ಮನೆಯಂತೆ ಇದು. ಗಂಟೆ ಬಾರಿಸಿದ್ದು ಕೇಳಿಸುತ್ತದೆ. ಯಾವ ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ಗಂಟೆ ಹೇಳುವುದಿಲ್ಲ. ಕಾವ್ಯವನ್ನು ಓದುವವರಿಗೆ ಇದು ಹೊಸತಾಗಿ ತೋರಬೇಕಿಲ್ಲ. ಶ್ಲೇಷೆಯಲ್ಲಿ ಒಂದೇ ಪದ ಎರಡು ಅರ್ಥಗಳನ್ನು ಹೊತ್ತಿರುತ್ತದೆ, ಸಂದರ್ಭವೇ ಅದನ್ನು ಬಿಡಿಸುತ್ತದೆ. ಈ ದೀಪದ ಅರ್ಥವನ್ನು ಬಿಡಿಸುವುದೂ ಸಂದರ್ಭವೇ: ಅದು ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾಗ ಹೊತ್ತಿತು ಎಂಬುದು.

ಮೊದಲು ದ್ರವದ ಡಬ್ಬಿಯನ್ನು ಗಮನಿಸಬಹುದು. ಬಾನೆಟ್ಟಿನ ಕೆಳಗೆ, ಚಾಲಕನ ಮುಂದಿನ ಭಾಗದಲ್ಲಿ, ಮಾಸ್ಟರ್ ಸಿಲಿಂಡರಿನ ಮೇಲೆ ಕುಳಿತಿರುವ ಅರೆಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಇದು. ಹೊರಮೈಯಲ್ಲಿ ಗರಿಷ್ಠ ಮತ್ತು ಕನಿಷ್ಠ ಮಟ್ಟಗಳ ಎರಡು ಗೆರೆಗಳಿರುತ್ತವೆ. ಒಳಗೆ ಪುಟ್ಟ ಅಯಸ್ಕಾಂತವನ್ನು ಹೊತ್ತ ಫ್ಲೋಟ್ ತೇಲುತ್ತಿರುತ್ತದೆ. ದ್ರವದ ಮಟ್ಟ ಇಳಿದಾಗ ಫ್ಲೋಟೂ ಇಳಿದು, ಅಯಸ್ಕಾಂತವು ಕೆಳಗಿರುವ ರೀಡ್ ಸ್ವಿಚ್ಚಿನ ಎಲೆಗಳನ್ನು ಒಂದಕ್ಕೊಂದು ಕೂಡಿಸುತ್ತದೆ. ದೀಪ ಹೊತ್ತುತ್ತದೆ. ಇಷ್ಟೇ ಅದರ ಅರಿವಿನ ವ್ಯಾಪ್ತಿ. ಬ್ರೇಕಿನ ಕೊಳವೆಗಳಲ್ಲಿರುವ ಒತ್ತಡವಾಗಲಿ, ಪ್ಯಾಡುಗಳ ದಪ್ಪವಾಗಲಿ, ದ್ರವದ ಗುಣವಾಗಲಿ ಅದಕ್ಕೆ ನೇರವಾಗಿ ತಿಳಿಯದು.

ಆದರೆ ಪ್ಯಾಡು ಸವೆದಿರುವುದನ್ನು ಅದು ಬಳಸುದಾರಿಯಿಂದ ತಿಳಿಸುತ್ತದೆ. ಬ್ರೇಕ್ ದ್ರವವು ಇಂಜಿನ್ ಆಯಿಲಿನಂತೆ ಉರಿದು ಖರ್ಚಾಗುವಂಥದ್ದಲ್ಲ. ಡಬ್ಬಿಯ ಮಟ್ಟ ಇಳಿದಿದೆಯೆಂದರೆ ಆ ದ್ರವ ಎಲ್ಲಿಗೋ ಹೋಗಿರಲೇಬೇಕು. ಹೋಗಬಹುದಾದ ಸ್ಥಳಗಳು ಎರಡೇ: ಒಂದು ವ್ಯವಸ್ಥೆಯ ಹೊರಗೆ, ಅಂದರೆ ಸೋರಿಕೆ, ಇನ್ನೊಂದು ವ್ಯವಸ್ಥೆಯ ಒಳಗೇ, ಕ್ಯಾಲಿಪರುಗಳ ಹೊಟ್ಟೆಯಲ್ಲಿ. ಮುಂದಿನ ಗಾಲಿಗಳ ಡಿಸ್ಕನ್ನು ಎರಡು ಪಕ್ಕಗಳಿಂದ ಹಿಡಿಯುವ ಪ್ಯಾಡುಗಳು ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಮುಂದೆ ಮುಂದೆ ಬಂದು ನಿಲ್ಲುತ್ತದೆ. ಅದರ ಹಿಂದೆ ತೆರವಾದ ಜಾಗವನ್ನು ದ್ರವ ತುಂಬಿಕೊಳ್ಳುತ್ತದೆ. 50 ಮಿಲಿಮೀಟರ್ ವ್ಯಾಸದ ಪಿಸ್ಟನ್ ಒಂದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದರ ಮುಖದ ವಿಸ್ತೀರ್ಣ ಸುಮಾರು 19.6 ಚದರ ಸೆಂಟಿಮೀಟರ್. ಒಳಗಿನ ಪ್ಯಾಡು 7 ಮಿಲಿಮೀಟರ್, ಹೊರಗಿನದು 7 ಮಿಲಿಮೀಟರ್ ಸವೆದರೆ, ಒಂದೇ ಪಿಸ್ಟನ್ ಇರುವ ಜಾರುವ ಕ್ಯಾಲಿಪರಿನಲ್ಲಿ ಆ ಪಿಸ್ಟನ್ ಒಟ್ಟು 14 ಮಿಲಿಮೀಟರ್ ಹೊರಬರಬೇಕಾಗುತ್ತದೆ. ಆಗ ಒಂದು ಗಾಲಿಗೆ ಸುಮಾರು 27 ಮಿಲಿಲೀಟರ್, ಎರಡು ಗಾಲಿಗಳಿಗೆ ಸುಮಾರು 55 ಮಿಲಿಲೀಟರ್ ದ್ರವ ಡಬ್ಬಿಯಿಂದ ಕೆಳಗಿಳಿದಿರುತ್ತದೆ. ಅರ್ಧ ಲೋಟ ಕಾಫಿಯಷ್ಟೂ ಇಲ್ಲದ ಈ ಪ್ರಮಾಣ, ಅಂಗೈಯಲ್ಲಿ ಹಿಡಿಯುವ ಡಬ್ಬಿಯಲ್ಲಿ ಎದ್ದು ಕಾಣುವ ವ್ಯತ್ಯಾಸವೇ ಸರಿ. ಹೊಸ ಪ್ಯಾಡಿನ ಘರ್ಷಕ ಪದಾರ್ಥ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ದಪ್ಪವಿರುತ್ತದೆ. 3 ಮಿಲಿಮೀಟರಿನ ಸುಮಾರಿಗೆ ಬಂದಾಗ ಬದಲಿಸುವುದು ವಾಡಿಕೆ. ಹೀಗಾಗಿ ಎಲ್ಲಿಯೂ ಸೋರದ, ಯಾರೂ ಮುಟ್ಟದ ಕಾರಿನಲ್ಲಿ ದ್ರವದ ಮಟ್ಟವು ಕನಿಷ್ಠ ಗೆರೆಯನ್ನು ಸಮೀಪಿಸುವುದೂ ಪ್ಯಾಡುಗಳು ಮುಗಿಯುತ್ತ ಬರುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ನಡೆಯುತ್ತವೆ.

ದಿಂಬಂ ಘಟ್ಟದ ಕಾರಿಗೆ ಮರಳಿದರೆ, ನಾಲ್ಕು, ಆರು, ಎಂಟನೆಯ ತಿರುವುಗಳ ಒಗಟು ಈಗ ಬಿಡಿಸಿಕೊಳ್ಳುತ್ತದೆ. ಬೆಟ್ಟದ ಮೈಯನ್ನು ಇಳಿಯುವ ರಸ್ತೆಯಲ್ಲಿ ಹೇರ್‌ಪಿನ್ ತಿರುವುಗಳು ಸಾಮಾನ್ಯವಾಗಿ ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಎಂಬಂತೆ ಸಾಗುತ್ತವೆ. ಒಂದು ಬಿಟ್ಟು ಒಂದರಲ್ಲಿ ದೀಪ ಹೊತ್ತಿತೆಂದರೆ ಕಾರು ಒಂದೇ ದಿಕ್ಕಿಗೆ ತಿರುಗಿದಾಗಲೆಲ್ಲ ಹೊತ್ತಿತೆಂದು ಅರ್ಥ. 12 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ದಾಟುವ ಕಾರಿನೊಳಗೆ ದ್ರವದ ಮೇಲ್ಮೈ ಸುಮಾರು 15 ಡಿಗ್ರಿಯಷ್ಟು ವಾಲುತ್ತದೆ. 10 ಸೆಂಟಿಮೀಟರ್ ಅಗಲದ ಡಬ್ಬಿಯಲ್ಲಿ ಒಂದು ಅಂಚು ಒಂದು ಸೆಂಟಿಮೀಟರಿಗಿಂತ ಹೆಚ್ಚು ಏರಿದರೆ ಎದುರಂಚು ಅಷ್ಟೇ ಇಳಿಯುತ್ತದೆ. ಡಬ್ಬಿಯೊಳಗಿನ ಅಡ್ಡಗೋಡೆಗಳು ಈ ತುಳುಕಾಟವನ್ನು ತಕ್ಕಮಟ್ಟಿಗೆ ತಡೆದರೂ ಪೂರ್ತಿ ತಡೆಯಲಾರವು. ಫ್ಲೋಟ್ ಇರುವ ಬದಿ ಬರಿದಾದ ಕ್ಷಣ ದೀಪ ಹೊತ್ತಿ, ಕಾರು ನೇರವಾದೊಡನೆ ಆರುತ್ತದೆ. ಇಳಿಜಾರಿನಲ್ಲಿ ಕಾರಿನ ಮೂತಿ ಕೆಳಗಾಗಿರುವುದೂ ಬ್ರೇಕ್ ಹಿಡಿದಾಗ ದ್ರವ ಮುನ್ನುಗ್ಗುವುದೂ ಇದಕ್ಕೆ ಕೂಡಿಕೊಳ್ಳುತ್ತವೆ. ಮಟ್ಟವು ಗರಿಷ್ಠ ಗೆರೆಯಲ್ಲಿದ್ದಾಗ ಇಷ್ಟು ತುಳುಕಿದರೂ ಫ್ಲೋಟ್ ತಳ ಮುಟ್ಟುತ್ತಿರಲಿಲ್ಲ. ಕನಿಷ್ಠ ಗೆರೆಯ ಬಳಿ ಇರುವುದರಿಂದಲೇ ಮುಟ್ಟಿತು. ಹೀಗಾಗಿ ತಿರುವಿನಲ್ಲಿ ಮಾತ್ರ ಮಿನುಗುವ ದೀಪವು, ಸಮತಟ್ಟಿನಲ್ಲಿ ಸದಾ ಹೊತ್ತಬೇಕಾದ ದೀಪದ ಮುನ್ಸೂಚನೆ. ಘಟ್ಟವು ಅದನ್ನು ಕೆಲವು ವಾರ ಮುಂಚಿತವಾಗಿಯೇ ತೋರಿಸಿಕೊಡುತ್ತದೆ. ನೀಲಗಿರಿಯ ಚಳಿಗಾಲದ ಬೆಳಗುಗಳಲ್ಲಿ ಕಾರು ಹೊರಡಿಸಿದಾಗ ಹೊತ್ತಿ, ಇಂಜಿನ್ ಬಿಸಿಯಾದ ಮೇಲೆ ಆರುವ ದೀಪಕ್ಕೂ ಇದೇ ವಿವರಣೆ ಸಲ್ಲುತ್ತದೆ: ಚಳಿಗೆ ದ್ರವ ಕುಗ್ಗುತ್ತದೆ, ಅಂಚಿನಲ್ಲಿದ್ದ ಮಟ್ಟ ಗೆರೆಯಿಂದ ಕೆಳಗಿಳಿಯುತ್ತದೆ.

ಈ ಹಂತದಲ್ಲಿ ಬಾಟಲಿ ತಂದು ತುಂಬಿಸಿದರೆ ಆಗುವುದೇನು? ಮಟ್ಟ ಮೇಲೇರುತ್ತದೆ, ಪ್ಯಾಡು ಸವೆದೇ ಇರುತ್ತದೆ. ಪ್ಯಾಡುಗಳ ಪರವಾಗಿ ನುಡಿಯುತ್ತಿದ್ದ ಏಕೈಕ ಸಾಕ್ಷಿಯ ಬಾಯಿಯನ್ನು ಮುಚ್ಚಿಸಿದಂತಾಗುತ್ತದೆ. ಪ್ಯಾಡು ಸವೆತಕ್ಕೆಂದೇ ಬೇರೆ ಸಂವೇದಕವಿರುವ ಕಾರುಗಳು ಉಂಟಾದರೂ ಕಡಿಮೆ ಬೆಲೆಯ ಕಾರುಗಳಲ್ಲಿ ಅದು ಅಪರೂಪ. ಅಲ್ಲಿ ಹೆಚ್ಚೆಂದರೆ ಕೀರಲು ಸದ್ದು ಮಾಡುವ ತಗಡಿನ ತುಂಡೊಂದು ಪ್ಯಾಡಿನ ಅಂಚಿನಲ್ಲಿರುತ್ತದೆ. ಅದರ ಸದ್ದನ್ನೂ ಕಡೆಗಣಿಸಿದರೆ ಉಕ್ಕಿನ ತಗಡು ಡಿಸ್ಕನ್ನು ನೇರವಾಗಿ ಉಜ್ಜತೊಡಗುತ್ತದೆ. ಬ್ರೇಕಿನ ಹಿಡಿತ ಕುಂದುತ್ತದೆ, ಡಿಸ್ಕ್ ಹಾಳಾಗುತ್ತದೆ, ಪಿಸ್ಟನ್ ತನ್ನ ಮಿತಿಯನ್ನು ಮೀರಿ ಹೊರಬರುವ ಭಯವೂ ಇರುತ್ತದೆ. ಇನ್ನೊಂದು ಸಣ್ಣ ಫಲವೂ ಉಂಟು. ಮುಂದೆಂದೋ ಹೊಸ ಪ್ಯಾಡು ಹಾಕುವಾಗ ಪಿಸ್ಟನ್ನುಗಳನ್ನು ಹಿಂದಕ್ಕೆ ತಳ್ಳಬೇಕು. ಕ್ಯಾಲಿಪರಿನಲ್ಲಿದ್ದ ದ್ರವವೆಲ್ಲ ಆಗ ಡಬ್ಬಿಗೆ ಮರಳುತ್ತದೆ. ಮೇಲೆ ತುಂಬಿಸಿದ ದ್ರವ ಅಲ್ಲಿ ಮೊದಲೇ ಇರುವುದರಿಂದ ಡಬ್ಬಿ ಉಕ್ಕಿ ಹರಿಯುತ್ತದೆ. ಬ್ರೇಕ್ ದ್ರವ ಬಿದ್ದ ಕಡೆ ಬಣ್ಣ ಸುಕ್ಕುಗಟ್ಟಿ ಏಳುವುದನ್ನು ಗ್ಯಾರೇಜುಗಳಲ್ಲಿ ಕಾಣಬಹುದು.

ದ್ರವವನ್ನು ಸೇರಿಸಲೇಬಾರದೆಂದು ಇದರ ಅರ್ಥವಲ್ಲ. ಪ್ಯಾಡುಗಳನ್ನೂ ಸೋರಿಕೆಯನ್ನೂ ನೋಡಿದ ಮೇಲೆ ಸೇರಿಸಬೇಕು ಎಂಬುದಷ್ಟೇ ನಿಯಮ. ಸೇರಿಸುವಾಗಲೂ ಒಂದು ಪದದ ಬಗ್ಗೆ ಎಚ್ಚರ ಬೇಕು. ಬೀದಿಯಲ್ಲಿ ಎಲ್ಲರೂ 'ಬ್ರೇಕ್ ಆಯಿಲ್' ಎನ್ನುತ್ತಾರೆ. ವಾಸ್ತವದಲ್ಲಿ ಅದು ಎಣ್ಣೆಯಲ್ಲ. ಸಾಮಾನ್ಯ ಕಾರುಗಳಲ್ಲಿ ಬಳಸುವುದು ಗ್ಲೈಕಾಲ್ ಈಥರ್ ವರ್ಗದ ರಾಸಾಯನಿಕ. ಹೆಸರನ್ನು ನಂಬಿ ಇಂಜಿನ್ ಆಯಿಲನ್ನೋ ಸ್ಟಿಯರಿಂಗ್ ಆಯಿಲನ್ನೋ ಸುರಿದರೆ ಮಾಸ್ಟರ್ ಸಿಲಿಂಡರಿನಿಂದ ಗಾಲಿಯವರೆಗಿನ ರಬ್ಬರ್ ಸೀಲುಗಳು ಊದಿಕೊಂಡು ಕೆಡುತ್ತವೆ. ಬಳಿಕ ಇಡೀ ವ್ಯವಸ್ಥೆಯನ್ನೇ ಬಿಚ್ಚಿ ರಬ್ಬರಿನ ಭಾಗಗಳನ್ನೆಲ್ಲ ಬದಲಿಸಬೇಕಾಗುತ್ತದೆ. ತಪ್ಪು ಹೆಸರೊಂದು ತಪ್ಪು ಕೆಲಸವನ್ನು ಮಾಡಿಸುವುದಕ್ಕೆ ಇದಕ್ಕಿಂತ ದುಬಾರಿಯಾದ ಉದಾಹರಣೆ ಬೇಗ ಸಿಗದು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಅಚ್ಚಾಗಿರುತ್ತದೆ, ಅದನ್ನೇ ಬಳಸಬೇಕು. ಸಿಲಿಕೋನ್ ಆಧಾರಿತವಾದ ಡಾಟ್ 5 ಬೇರೆಯೇ ಜಾತಿ. ಇವುಗಳೊಂದಿಗೆ ಅದು ಬೆರೆಯದು.

ಈ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಸ್ವಭಾವವಿದೆ. ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದರಲ್ಲಿ ಶೇಕಡ 3.7ರಷ್ಟು ನೀರು ಸೇರಿದಾಗ 140ಕ್ಕೆ ಇಳಿದರೂ ಮಾನದಂಡ ಒಪ್ಪುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಘಟ್ಟದಲ್ಲಿ ಈ ವ್ಯತ್ಯಾಸ ಬರೀ ಕಾಗದದ ಮೇಲಿನದಲ್ಲ. 1,200 ಕಿಲೋಗ್ರಾಂ ತೂಕದ ಕಾರು 100 ಮೀಟರ್ ಎತ್ತರವನ್ನು ಬ್ರೇಕಿನ ಬಲದಿಂದಲೇ ಇಳಿದರೆ ಹೊಮ್ಮುವ ಶಾಖವು 20 ಡಿಗ್ರಿಯಲ್ಲಿರುವ ಮೂರೂವರೆ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಊಟಿಯಿಂದ ಮಸಿನಗುಡಿಯ ಕಡೆಗೆ 36 ಹೇರ್‌ಪಿನ್ ತಿರುವುಗಳ ಕಲ್ಹಟ್ಟಿ ಘಟ್ಟವನ್ನು ಇಳಿಯುವಾಗಲಾಗಲಿ, ವಯನಾಡಿನಿಂದ ಒಂಬತ್ತು ತಿರುವುಗಳ ತಾಮರಶ್ಶೇರಿ ಚುರದ ಮೂಲಕ ಕೋಯಿಕ್ಕೋಡಿನ ಕಡೆಗೆ ಇಳಿಯುವಾಗಲಾಗಲಿ, ಆ ಶಾಖ ನಾಲ್ಕು ಗಾಲಿಗಳ ಬ್ರೇಕಿನಲ್ಲೇ ಕೂಡಿಕೊಳ್ಳುತ್ತದೆ. ಹಳೆಯ, ತೇವ ಹೀರಿದ ದ್ರವ ಕ್ಯಾಲಿಪರಿನಲ್ಲಿ ಕುದಿದು ಆವಿಗುಳ್ಳೆಗಳಾದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ದ್ರವವು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಹಿಸುಕುವುದರಲ್ಲೇ ಮುಗಿಯುತ್ತದೆ. ಗಮನಿಸಬೇಕಾದುದೆಂದರೆ, ಆಗ ಡಬ್ಬಿಯಲ್ಲಿ ದ್ರವ ತುಂಬಿಯೇ ಇರುವುದರಿಂದ ಕೆಂಪು ದೀಪ ಹೊತ್ತುವುದಿಲ್ಲ. ದೀಪವು ಆರಿದೆಯೆಂಬ ಒಂದೇ ಕಾರಣಕ್ಕೆ ಬ್ರೇಕು ಸರಿಯಿದೆಯೆಂದು ತಿಳಿಯುವುದು ಆ ದೀಪಕ್ಕೆ ಇಲ್ಲದ ಜ್ಞಾನವನ್ನು ಆರೋಪಿಸಿದಂತೆ. ಎರಡು ವರ್ಷಗಳಿಗೊಮ್ಮೆ ದ್ರವವನ್ನು ಪೂರ್ತಿ ಬದಲಿಸಬೇಕೆಂದು ಹಲವು ತಯಾರಕರು ಹೇಳುವುದು ಈ ಕಾರಣಕ್ಕಾಗಿಯೇ.

ಪ್ಯಾಡುಗಳು ದಪ್ಪವಾಗಿದ್ದು ಮಟ್ಟ ಮಾತ್ರ ಇಳಿದಿದ್ದರೆ ಸೋರಿಕೆಯನ್ನು ಹುಡುಕಬೇಕು. ಡಬ್ಬಿಯ ಹೊರಮೈಯಲ್ಲಿ ಮಟ್ಟಕ್ಕೆ ಸರಿಯಾಗಿ ಒಂದು ಗೆರೆ ಎಳೆದು ದಿನಾಂಕ ಬರೆದಿಡುವುದು ಹಳೆಯ ಹಾಗೂ ನಂಬಲರ್ಹ ಉಪಾಯ. ಸವೆತದಿಂದ ಇಳಿಯುವ ಮಟ್ಟಕ್ಕೆ ಸಾವಿರಾರು ಕಿಲೋಮೀಟರ್ ಬೇಕು. ಸೋರಿಕೆ ಕೆಲವೇ ದಿನಗಳಲ್ಲಿ ತನ್ನನ್ನು ತೋರಿಸಿಕೊಳ್ಳುತ್ತದೆ. ಗಾಲಿಯ ಬಳಿಯ ರಬ್ಬರ್ ಕೊಳವೆಗಳು, ಲೋಹದ ಕೊಳವೆಗಳ ಜೋಡಣೆಗಳು, ಹಿಂದಿನ ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್ ಇವು ಮೊದಲು ನೋಡಬೇಕಾದ ಸ್ಥಳಗಳು. ಹಿಂದಿನ ಟೈರಿನ ಒಳಮೈ ಒದ್ದೆಯಾಗಿದ್ದರೆ ಡ್ರಮ್ಮನ್ನು ಬಿಚ್ಚದೆ ವಿಧಿಯಿಲ್ಲ. ಕೆಲವೊಮ್ಮೆ ನೆಲದ ಮೇಲೆ ಒಂದು ಹನಿಯೂ ಕಾಣದೆ ಮಟ್ಟ ಇಳಿಯುತ್ತ ಹೋಗುತ್ತದೆ. ಆಗ ಮಾಸ್ಟರ್ ಸಿಲಿಂಡರಿನ ಹಿಂಬದಿಯ ಸೀಲು ಹರಿದು ದ್ರವವು ಬೂಸ್ಟರಿನ ಒಳಗೆ ಸೇರುತ್ತಿರಬಹುದು. ಸಿಲಿಂಡರನ್ನು ಬೂಸ್ಟರಿನಿಂದ ಕಳಚಿದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿಯಿರುವ ಕಾರುಗಳಲ್ಲಿ ಕ್ಲಚ್ಚಿನ ಸೋರಿಕೆಯೇ ಬ್ರೇಕ್ ದೀಪವನ್ನು ಹೊತ್ತಿಸುವುದುಂಟು. ಇಂಜಿನ್ ಓಡುತ್ತಿರುವಾಗ ಪೆಡಲನ್ನು ಒಂದೇ ಸಮನೆ ಅರ್ಧ ನಿಮಿಷ ಒತ್ತಿ ಹಿಡಿದಾಗ ಅದು ಮೆಲ್ಲಮೆಲ್ಲನೆ ಕೆಳಗಿಳಿಯುತ್ತ ಹೋದರೆ, ದೀಪ ಹೊತ್ತಲಿ ಆರಲಿ, ಆ ಕಾರನ್ನು ರಸ್ತೆಗೆ ತರಬಾರದು.

ಇನ್ನು ಹಿತ್ತಲ ಬಾಗಿಲು, ಅಂದರೆ ಹ್ಯಾಂಡ್ ಬ್ರೇಕಿನ ಸ್ವಿಚ್ಚು. ತಿರುವುಗಳಿಗೂ ದೀಪಕ್ಕೂ ಸಂಬಂಧವಿಲ್ಲದೆ, ಹಂಪುಗಳನ್ನು ಹಾರಿದಾಗ ಅಥವಾ ಹಾಳು ರಸ್ತೆಯಲ್ಲಿ ಕುಲುಕಿದಾಗ ಮಾತ್ರ ದೀಪ ಮಿನುಗುವುದಾದರೆ ಮೊದಲ ಸಂದೇಹ ಇದರ ಮೇಲೆಯೇ. ಹ್ಯಾಂಡ್ ಬ್ರೇಕಿನ ಸಲಾಕೆ ಪೂರ್ತಿ ಕೆಳಗಿಳಿದಾಗ ಅದು ಸ್ವಿಚ್ಚಿನ ಗುಂಡಿಯನ್ನು ಒತ್ತಿ ಸಂಪರ್ಕವನ್ನು ಬಿಡಿಸುತ್ತದೆ. ಸ್ವಿಚ್ಚಿನ ತಗಡು ತುಸು ಬಾಗಿದರೆ, ಧೂಳು ಸೇರಿದರೆ, ಸೀಟುಗಳ ನಡುವೆ ಬಿದ್ದ ನಾಣ್ಯವೋ ಕಡಲೆಕಾಯಿ ಸಿಪ್ಪೆಯೋ ಅಲ್ಲಿ ಸಿಕ್ಕಿಕೊಂಡರೆ ಗುಂಡಿ ಅರೆಬರೆ ಒತ್ತಿಕೊಳ್ಳುತ್ತದೆ. ದೀಪ ಹೊತ್ತಿದಾಗ, ಕಾರನ್ನು ನಿಲ್ಲಿಸಿ, ಸಲಾಕೆಯನ್ನು ಒಮ್ಮೆ ಎಳೆದು ಬಲವಾಗಿ ಕೆಳಗೊತ್ತಿದರೆ ಆರುವ ದೀಪವು ತನ್ನ ಮೂಲವನ್ನು ತಾನೇ ಹೇಳಿದಂತೆ. ಇದು ಬಹುಮಟ್ಟಿಗೆ ನಿರಪಾಯಕಾರಿ ದೋಷ. ಆದರೆ ಸಲಾಕೆ ನಿಜವಾಗಿಯೂ ಪೂರ್ತಿ ಇಳಿಯದೆ, ಕೇಬಲ್ ಬಿಗಿದುಕೊಂಡು ಹಿಂದಿನ ಗಾಲಿಗಳು ಸದಾ ಉಜ್ಜುತ್ತಿದ್ದರೆ ಆ ಗಾಲಿಗಳು ಬಿಸಿಯಾಗುತ್ತವೆ. ಸ್ವಲ್ಪ ದೂರ ಓಡಿಸಿ, ಕಾರು ನಿಲ್ಲಿಸಿ, ಗಾಲಿಯ ಬಳಿ ಕೈ ಹಿಡಿದು ನೋಡಿದರೆ ಇದು ತಿಳಿಯುತ್ತದೆ; ಮುಟ್ಟುವ ಅಗತ್ಯವಿಲ್ಲ.

ಎರಡೂ ಕಡೆ ದೋಷ ಕಾಣದಿದ್ದಾಗ ಉಳಿಯುವುದು ತಂತಿ ಮತ್ತು ಫ್ಲೋಟ್. ತಂತಿಯ ಹೊದಿಕೆ ಎಲ್ಲಿಯೋ ಉಜ್ಜಿ ಹರಿದು ಒಳಗಿನ ತಾಮ್ರ ಲೋಹದ ಮೈಗೆ ತಾಗಿದಾಗಲೆಲ್ಲ ದೀಪ ಹೊತ್ತುತ್ತದೆ. ಅಡಕೆ ತೋಟದ ಪಕ್ಕದಲ್ಲೋ ಉಗ್ರಾಣದ ಮಾಡಿನ ಕೆಳಗೋ ಕಾರು ನಿಲ್ಲಿಸುವವರಿಗೆ ಇಲಿಗಳ ಹಲ್ಲಿನ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಮಾತ್ರ ಕಾಣಿಸಿಕೊಳ್ಳುವ ದೀಪಕ್ಕೆ ಡಬ್ಬಿಯ ಕನೆಕ್ಟರಿನೊಳಗೆ ಸೇರಿದ ನೀರು ಕಾರಣವಾಗಿರುವುದುಂಟು. ಮಟ್ಟ ತುಂಬಿದ್ದರೂ ದೀಪ ಹೊತ್ತಿ, ಡಬ್ಬಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಆರುವುದಾದರೆ ಫ್ಲೋಟ್ ಕೆಸರಿನಲ್ಲಿ ಸಿಕ್ಕಿರಬಹುದು, ಇಲ್ಲವೇ ದ್ರವವನ್ನು ಹೀರಿ ಭಾರವಾಗಿ ಮುಳುಗಿರಬಹುದು. ಸರಳ ವೈರಿಂಗಿನ ಕಾರುಗಳಲ್ಲಿ ದೀಪ ಹೊತ್ತಿರುವಾಗಲೇ ಡಬ್ಬಿಯ ಕನೆಕ್ಟರನ್ನು ಕಳಚಿದರೆ ಅರ್ಧ ಉತ್ತರ ದೊರೆಯುತ್ತದೆ: ದೀಪ ಆರಿದರೆ ದೋಷ ಆ ಕಡೆಯದು, ಆರದಿದ್ದರೆ ಹ್ಯಾಂಡ್ ಬ್ರೇಕಿನ ಕಡೆಯದು; ಎರಡನ್ನೂ ಕಳಚಿದ ಮೇಲೂ ಹೊತ್ತಿದ್ದರೆ ನಡುವಣ ತಂತಿಯದು. ಹೊಸ ಕಾರುಗಳಲ್ಲಿ ಸ್ವಿಚ್ಚಿನ ಸುದ್ದಿಯನ್ನು ಎಲೆಕ್ಟ್ರಾನಿಕ್ ಘಟಕವೊಂದು ಓದಿ ದೀಪಕ್ಕೆ ಅಪ್ಪಣೆ ಕೊಡುತ್ತದೆ. ಅಲ್ಲಿ ಕನೆಕ್ಟರ್ ಕಳಚಿದ್ದನ್ನೇ ದೋಷವೆಂದು ಬಗೆದು ದೀಪ ಹೊತ್ತಿಸುವ ಏರ್ಪಾಡೂ ಇರಬಹುದಾದ್ದರಿಂದ ಕೈಪಿಡಿಯನ್ನು ನೋಡದೆ ತೀರ್ಮಾನಕ್ಕೆ ಬರುವಂತಿಲ್ಲ.

ಕೆಂಪು ದೀಪದ ಜೊತೆಗೆ ಎಬಿಎಸ್ ಎಂಬ ಹಳದಿ ದೀಪವೂ ಹೊತ್ತಿದರೆ ವಿಷಯವೇ ಬೇರೆ. ಹಳದಿ ದೀಪವೊಂದೇ ಹೊತ್ತಿದ್ದರೆ ಗಾಲಿಗಳು ಜಾಮ್ ಆಗದಂತೆ ತಡೆಯುವ ವ್ಯವಸ್ಥೆ ಕೆಲಸ ಮಾಡುತ್ತಿಲ್ಲ, ಸಾಮಾನ್ಯ ಬ್ರೇಕು ಇದೆ ಎಂದರ್ಥ. ಎರಡೂ ಒಟ್ಟಿಗೆ ಹೊತ್ತಿದರೆ ಅನೇಕ ಕಾರುಗಳಲ್ಲಿ ಮುಂದಿನ ಹಿಂದಿನ ಗಾಲಿಗಳಿಗೆ ಬ್ರೇಕಿನ ಬಲವನ್ನು ಹಂಚುವ ಏರ್ಪಾಡೂ ನಿಂತಿದೆಯೆಂದು ತಿಳಿಯಬೇಕು. ಒದ್ದೆ ರಸ್ತೆಯಲ್ಲಿ ಹಿಂದಿನ ಗಾಲಿಗಳು ಬೇಗನೆ ಜಾರಬಹುದು. ಗಾಲಿಯ ವೇಗವನ್ನು ಅಳೆಯುವ ಸಂವೇದಕದ ಕೊಳೆ ಅಥವಾ ತುಂಡಾದ ತಂತಿ ಇದಕ್ಕೆ ಸಾಮಾನ್ಯ ಕಾರಣ, ಸ್ಕ್ಯಾನರ್ ಜೋಡಿಸಿದರೆ ಯಾವ ಗಾಲಿಯದೆಂದು ತಿಳಿಯುತ್ತದೆ. ಬ್ಯಾಟರಿಯ ದೀಪವೂ ಬ್ರೇಕಿನ ದೀಪವೂ ಜೊತೆಯಾಗಿ ಮಂಕಾಗಿ ಹೊತ್ತುವ ಕೆಲವು ಹಳೆಯ ಕಾರುಗಳಲ್ಲಿ ದೋಷ ಬ್ರೇಕಿನಲ್ಲಿರದೆ ಆಲ್ಟರ್ನೇಟರಿನಲ್ಲಿರುತ್ತದೆ.

ಇಷ್ಟೆಲ್ಲ ಸಾಧ್ಯತೆಗಳ ನಡುವೆ ಮೆಕ್ಯಾನಿಕ್ಕಿಗೆ ನೆರವಾಗುವುದು ಕಾರಿನ ಒಡೆಯ ಕೊಡುವ ವರ್ಣನೆ. 'ಆಗಾಗ ದೀಪ ಬರುತ್ತದೆ' ಎಂಬ ಮಾತಿನಿಂದ ಅವನಿಗೆ ಏನೂ ದೊರೆಯದು. 'ಇಳಿಜಾರಿನಲ್ಲಿ, ಎಡ ತಿರುವಿನಲ್ಲಿ, ಒಂದೆರಡು ಕ್ಷಣ. ಕಾಲು ಪೆಡಲಿನ ಮೇಲಿತ್ತು. ಹ್ಯಾಂಡ್ ಬ್ರೇಕ್ ಇಳಿದಿತ್ತು. ಬೇರೆ ದೀಪ ಹೊತ್ತಲಿಲ್ಲ. ಕಳೆದ ತಿಂಗಳು ಯಾರೋ ಆಯಿಲ್ ತುಂಬಿಸಿದ್ದರು' ಎಂಬ ಐದಾರು ತುಣುಕುಗಳು ಅರ್ಧ ದಿನದ ಕೆಲಸವನ್ನು ಉಳಿಸುತ್ತವೆ. ಗಡಿನಾಡಿನಲ್ಲಿ ಈ ವರ್ಣನೆಗೆ ಇನ್ನೊಂದು ತೊಡಕಿದೆ. ಸತ್ಯಮಂಗಲದಲ್ಲಿ ತಮಿಳು, ಕಾಸರಗೋಡಿನಲ್ಲಿ ಮಲಯಾಳ, ಸೊಲ್ಲಾಪುರದಲ್ಲಿ ಮರಾಠಿ, ಆದವಾನಿಯಲ್ಲಿ ತೆಲುಗು ಗ್ಯಾರೇಜಿನ ಮಾತಾಗಿರುವುದು ಸಹಜ. ಬಿಡಿಭಾಗಗಳ ಹೆಸರುಗಳು ಎಲ್ಲೆಡೆ ಇಂಗ್ಲಿಷಿನವೇ ಆದ್ದರಿಂದ ನಾಮಪದಗಳಿಗೆ ತೊಂದರೆಯಿಲ್ಲ, ತಪ್ಪುವುದು ಕ್ರಿಯಾಪದಗಳಲ್ಲಿ. ಪೆಡಲ್ 'ಇಳಿಯಿತು' ಎಂಬುದಕ್ಕೂ 'ಮೆತ್ತಗಾಯಿತು' ಎಂಬುದಕ್ಕೂ 'ಅದುರಿತು' ಎಂಬುದಕ್ಕೂ ಕಾರಣಗಳು ಬೇರೆ ಬೇರೆ: ಮೊದಲನೆಯದು ಸೋರಿಕೆಯನ್ನೋ ಮಾಸ್ಟರ್ ಸಿಲಿಂಡರನ್ನೋ ಸೂಚಿಸುತ್ತದೆ, ಎರಡನೆಯದು ಗಾಳಿ ಅಥವಾ ಆವಿಯನ್ನು, ಮೂರನೆಯದು ಸೊಟ್ಟಗಾದ ಡಿಸ್ಕನ್ನು. ಈ ಮೂರನ್ನೂ 'ಬ್ರೇಕ್ ಸರಿಯಿಲ್ಲ' ಎಂಬ ಒಂದೇ ವಾಕ್ಯಕ್ಕೆ ಇಳಿಸಿಬಿಟ್ಟರೆ ತಪಾಸಣೆ ಮತ್ತೆ ಮೊದಲಿನಿಂದ ಆರಂಭವಾಗಬೇಕು. ದೀಪ ಹೊತ್ತಿದ ಸ್ಥಳ, ಸಮಯ, ಸಂದರ್ಭಗಳನ್ನು ಪಕ್ಕದಲ್ಲಿ ಕುಳಿತವರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು.

ಇವೆಲ್ಲ ಕಾರು ನಿಂತ ಮೇಲಿನ ಮಾತು. ಘಟ್ಟದ ನಡುವೆ ದೀಪ ಹೊತ್ತಿದ ಕ್ಷಣದಲ್ಲಿ ಚಾಲಕನು ಕೇಳಬೇಕಾದುದು ದೀಪವನ್ನಲ್ಲ, ತನ್ನ ಪಾದವನ್ನು. ಪೆಡಲ್ ಎಂದಿನ ಎತ್ತರದಲ್ಲಿ ಗಟ್ಟಿಯಾಗಿದ್ದರೆ ಗೇರು ಇಳಿಸಿ, ವೇಗ ತಗ್ಗಿಸಿ, ಅಗಲವಾದ ಜಾಗ ಸಿಕ್ಕೊಡನೆ ನಿಲ್ಲಿಸಿ ಡಬ್ಬಿಯ ಮಟ್ಟವನ್ನು ನೋಡಬಹುದು. ಪೆಡಲ್ ಕೆಳಗಿಳಿದಿದ್ದರೆ ಅಥವಾ ಮೆತ್ತಗಾಗಿದ್ದರೆ ಮುಂದಿನ ತಿರುವಿನವರೆಗೂ ಕಾಯುವಂತಿಲ್ಲ. ಇಂದಿನ ಕಾರುಗಳಲ್ಲಿ ಬ್ರೇಕಿನ ಕೊಳವೆಗಳು ಎರಡು ಪ್ರತ್ಯೇಕ ಮಾರ್ಗಗಳಾಗಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಎರಡು ಗಾಲಿಗಳನ್ನು ಹಿಡಿಯುತ್ತದೆ. ಪೆಡಲನ್ನು ಆಳಕ್ಕೆ, ಬಲವಾಗಿ, ಮತ್ತೆ ಮತ್ತೆ ಒತ್ತಬೇಕು. ಒಂದೊಂದಾಗಿ ಗೇರುಗಳನ್ನು ಇಳಿಸಬೇಕು. ಕೇಬಲ್ಲಿನಿಂದ ಎಳೆಯುವ ಹ್ಯಾಂಡ್ ಬ್ರೇಕು ದ್ರವವನ್ನು ಅವಲಂಬಿಸಿಲ್ಲ. ಅದರ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆದರೆ ಗಾಲಿ ಜಾಮ್ ಆಗದೆ ವೇಗ ತಗ್ಗುತ್ತದೆ. ಇಂಜಿನನ್ನು ಮಾತ್ರ ಆರಿಸಬಾರದು. ಬೂಸ್ಟರಿನ ನೆರವೂ ಸ್ಟಿಯರಿಂಗಿನ ನೆರವೂ ಅದರೊಂದಿಗೇ ಹೋಗುತ್ತವೆ. ಹತ್ತುವಾಗ ಬೇಕಾಗುವ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತನ್ನು ಮೊದಲ ತಿರುವಿನಿಂದಲೇ ಪಾಲಿಸಿದವರಿಗೆ ಇವುಗಳಲ್ಲಿ ಹೆಚ್ಚಿನದರ ಅ‍ಗತ್ಯ ಬೀಳುವುದಿಲ್ಲ.

ದಿಂಬಂ ಇಳಿದ ಕಾರಿನ ಸಂಗತಿಗೆ ಬಂದರೆ, ಅದರ ಪೆಡಲ್ ಗಟ್ಟಿಯಾಗಿಯೇ ಇತ್ತು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಿದರೆ ದ್ರವವು ಕನಿಷ್ಠ ಗೆರೆಗಿಂತ ಕೂದಲೆಳೆಯಷ್ಟು ಮೇಲಿದೆ. ಕೊಳವೆಗಳು ಒಣಗಿವೆ, ಟೈರುಗಳ ಒಳಮೈ ಒಣಗಿದೆ. ಗಾಲಿ ಬಿಚ್ಚಿದಾಗ ಮುಂದಿನ ಪ್ಯಾಡುಗಳಲ್ಲಿ ಉಳಿದಿರುವುದು 3 ಮಿಲಿಮೀಟರಿಗೂ ಕಡಿಮೆ. ಮೆಕ್ಯಾನಿಕ್ ಡಬ್ಬಿಯ ಮುಚ್ಚಳವನ್ನು ಸಡಿಲಿಸಿ, ಪಿಸ್ಟನ್ನುಗಳನ್ನು ಮೆಲ್ಲನೆ ಹಿಂದಕ್ಕೆ ತಳ್ಳಿ, ಹೊಸ ಪ್ಯಾಡುಗಳನ್ನು ಕೂರಿಸಿ, ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಬಾರಿ ತುಳಿಯುತ್ತಾನೆ. ಬಳಿಕ ಡಬ್ಬಿಯನ್ನು ನೋಡಿದರೆ, ಹೊರಗಿನಿಂದ ಒಂದು ಹನಿಯನ್ನೂ ಸೇರಿಸದೆ, ದ್ರವವು ಗರಿಷ್ಠ ಗೆರೆಯ ಸಮೀಪಕ್ಕೆ ಬಂದು ನಿಂತಿದೆ.